ಕಾಕಾ ಹಾಕಿದ ಪೆನ್ಸಿಲ್ ಗುರುತುಗಳು

ಹೋದ ಗುರುವಾರ ಸಂಜೆ ಮೇಲಿನ ಮನೆ ಕಾಕಾ ನನ್ನ ಸತ್ಯವೇದ, ಅಂದರೆ ಕನ್ನಡ ಬೈಬಲ್, ವಾಪಸ್ ತಂದುಕೊಟ್ಟರು. ಒಯ್ದು ಆರು ತಿಂಗಳಾಗಿತ್ತು. ನಾನು ಕೊಟ್ಟಾಗ ರಟ್ಟು ಕಿತ್ತುಹೋಗಿತ್ತು. ಈಗ ಹಳೇ ಕ್ಯಾಲೆಂಡರಿನ ದಪ್ಪ ಹಾಳೆಯ ಕವರ್ ಹಾಕಿ, ಬೆನ್ನಿಗೆ ಬಟ್ಟೆ ಪಟ್ಟಿ ಅಂಟಿಸಿ, ಹೊಸದರ ಹಾಗೆ ಮಾಡಿ ತಂದಿದ್ದರು.

"ಓದಿ ಮುಗಿಸೀನಿ ನೋಡವಾ. ಅಲ್ಲಲ್ಲೆ ಪೆನ್ಸಿಲ್‌ಲೆ ಗುರ್ತ ಹಾಕೀನಿ. ಸಿಟ್ಟಿಗೇಳಬ್ಯಾಡ. ರಬ್ಬರ್ ಹಚ್ಚಿದರ ಹೋಗ್ತದ."

ಕಾಕಾ ಧಾರವಾಡದವರು, ಮಾಧ್ವರು. ಫೋರ್ಟಿನ ಬ್ಯಾಂಕೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ನಾವು ಡೊಂಬಿವಲಿಯ ಈ ಕಟ್ಟಡಕ್ಕೆ ಬಂದ ದಿನವೇ, ಮೆಟ್ಟಿಲ ಮೇಲೆ ನನ್ನ ಕನ್ನಡ ಕೇಳಿ "ಯಾವೂರವಾ?" ಅಂದವರು. ಬೆಟಗೇರಿ ಅಂದೆ. "ಮಿಶನ್ ಮಂದಿ ಏನು?" ಅಂದರು. ಹೌದು ಅಂದೆ. ಅಷ್ಟೇ. ಮರುದಿನ ಕಾಕಿ ಒಂದು ಡಬ್ಬಿ ಅವಲಕ್ಕಿ ಕಳಿಸಿದರು. ಇಪ್ಪತ್ತಾರು ವರ್ಷವಾಯಿತು. ಕಾಕಿ ಈಗ ಹಾಸಿಗೆ ಹಿಡಿದು ಆರು ವರ್ಷ. ಲಕ್ವ. ಹಗಲು ನೋಡಿಕೊಳ್ಳಲು ಒಬ್ಬ ಕೆಲಸದ ಬಾಯಿ ಬರುತ್ತಾಳೆ. ರಾತ್ರಿ ಒಂಬತ್ತಕ್ಕೆ ಕಾಕಿಯ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಕಾಕಾ ಒಬ್ಬರ ಕೈಯಲ್ಲಿ ಅದು ಆಗಲ್ಲ, ನಾನು ಹೋಗುತ್ತೇನೆ.

ಪುಸ್ತಕ ಬಿಚ್ಚಿ ನೋಡಿದೆ. ಅಚ್ಚುಕಟ್ಟು ಮನುಷ್ಯ. ಮೆಚ್ಚಿದ ಕಡೆ ಅಡಿಗೆರೆ, ತಕರಾರು ಇದ್ದ ಕಡೆ ಪ್ರಶ್ನೆ ಗುರುತು, ಒಮ್ಮೊಮ್ಮೆ ಅಂಚಿನಲ್ಲಿ ಒಂದೆರಡು ಶಬ್ದ. ಎಣಿಸಿದೆ. ಪ್ರಶ್ನೆ ಗುರುತು 41.

ಇಪ್ಪತ್ತರ ವಯಸ್ಸಿನಲ್ಲಿ ಇವೆಲ್ಲಕ್ಕೂ ನನ್ನ ಹತ್ತಿರ ಉತ್ತರ ಇರುತ್ತಿತ್ತು. ನಮ್ಮ ಯುವಜನರ ಕೂಟದಲ್ಲಿ ಅವರು ಹೀಗೆ ಕೇಳಿದರೆ ನೀವು ಹೀಗೆ ಹೇಳಿ ಅಂತ ಕಲಿಸುತ್ತಿದ್ದರು, ಪರೀಕ್ಷೆಗೆ ಗೈಡ್ ಓದಿಸಿದ ಹಾಗೆ. ಈಗ ಆ ಗೈಡಿನ ಕೆಲವು ಪುಟ ಇನ್ನೂ ಸರಿ ಅನಿಸುತ್ತವೆ. ಕೆಲವನ್ನು ನಾನೇ ಹರಿದು ಹಾಕಿದ್ದೇನೆ.

ಮೊದಲನೇ ಗುರುತು ಒಳಗೆ ಹೋಗುವ ಮೊದಲೇ ಇತ್ತು, ಹೆಸರಿನ ಹಾಳೆಯಲ್ಲಿ. "ಪರದೇಶದ್ದು?" ಅಂತ.

ಇದನ್ನು ಲೋಕಲ್ ರೈಲಿನಲ್ಲಿ, ಆಫೀಸಿನ ಊಟದ ಟೇಬಲ್ಲಿನಲ್ಲಿ, ಮದುವೆ ಮನೆಯಲ್ಲಿ ಕೇಳಿ ಕೇಳಿ ಕಿವಿ ದಪ್ಪಗಾಗಿದೆ. ಆದರೆ ಡೊಂಬಿವಲಿಯಲ್ಲಿ ಕೂತು ಈ ಮಾತಾಡುವುದು ಸ್ವಲ್ಪ ತಮಾಷೆ. ಎರಡು ಸ್ಟೇಶನ್ ಆಚೆ ಕಲ್ಯಾಣ. 6ನೇ ಶತಮಾನದಲ್ಲಿ ಕಾಸ್ಮಸ್ ಅಂತ ಅಲೆಕ್ಸಾಂಡ್ರಿಯಾದ ಒಬ್ಬ ವ್ಯಾಪಾರಿ ಬರೆದಿಟ್ಟಿದ್ದಾನೆ. ಮೆಣಸು ಬೆಳೆಯುವ ಮಲೆ ಸೀಮೆಯಲ್ಲಿ ಕ್ರೈಸ್ತರಿದ್ದಾರೆ, ಕಲ್ಲಿಯಾನ ಅನ್ನುವ ಊರಿನಲ್ಲಿ ಪರ್ಷಿಯಾದಿಂದ ನೇಮಕವಾದ ಬಿಷಪ್ ಇದ್ದಾನೆ ಅಂತ. ಆ ಕಲ್ಲಿಯಾನ ನಮ್ಮ ಈ ಕಲ್ಯಾಣ ಅಂತ ಕೆಲವರು, ಅಲ್ಲ, ಉಡುಪಿ ಹತ್ತಿರದ ಕಲ್ಯಾಣಪುರ ಅಂತ ಇನ್ನು ಕೆಲವರು. ಯಾವುದಾದರೂ ನನಗೆ ಲಾಭವೇ. ಒಂದು ನಾನಿರುವ ಕಡೆ, ಇನ್ನೊಂದು ಕನ್ನಡ ನಾಡು. ವಾಸ್ಕೊ ಡ ಗಾಮ ಬರುವುದಕ್ಕೆ ಇನ್ನೂ ಒಂಬೈನೂರು ವರ್ಷ ಬಾಕಿ ಇದ್ದಾಗಿನ ಮಾತಿದು. ಯೇಸು ಹುಟ್ಟಿದ್ದೂ ಏಷ್ಯಾದಲ್ಲೇ. ಯುರೋಪಿನವರಿಗೂ ಇದು ಹೊರಗಿನಿಂದ ಬಂದ ಧರ್ಮವೇ. ಮೆಣಸಿನಕಾಯಿಯನ್ನೂ ಪೋರ್ಚುಗೀಸರೇ ತಂದರು, ಬ್ಯಾಡಗಿ ಮೆಣಸಿನಕಾಯಿ ಪರದೇಶದ್ದು ಅಂತ ಯಾರಾದರೂ ಪಕ್ಕಕ್ಕಿಟ್ಟಿದ್ದಾರಾ?

ಇದು ಗೈಡಿನ ಉತ್ತರ. ನನ್ನ ಉತ್ತರ ಬೇರೆ. ನಮ್ಮ ಸತ್ಯವೇದದಲ್ಲಿ ಐದು ರೊಟ್ಟಿ, ಎರಡು ಮೀನು ಅಂತ ಇದೆ. ಕರ್ತನು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದನು ಅಂತ ಇದೆ. ಬೆಟಗೇರಿಯ ಹುಡುಗಿ ಅದನ್ನು ಕೇಳಿದರೆ ಏನು ಕಾಣಬೇಕು? ನನಗೆ ಕಂಡದ್ದು ಜೋಳದ ರೊಟ್ಟಿ. ಅವ್ವ ಬಡಿದು ಬುಟ್ಟಿಯಲ್ಲಿ ಒಣಗಿಸಿಟ್ಟ ಖಡಕ್ ರೊಟ್ಟಿ. ಮುರಿದರೆ ಸದ್ದು ಬರುತ್ತದಲ್ಲ, ಅದು. ಮುಂಬೈಗೆ ಬಂದು ಮೊದಲ ಸಲ ಇಂಗ್ಲಿಷ್ ಆರಾಧನೆಯಲ್ಲಿ ರಾತ್ರಿಭೋಜನಕ್ಕೆ, ಅಂದರೆ ಕರ್ತನ ನೆನಪಿಗೆ ರೊಟ್ಟಿ ಹಂಚಿ ತಿನ್ನುವ ವಿಧಿಗೆ, ಮೆತ್ತಗಿನ ಬ್ರೆಡ್ಡಿನ ತುಂಡು ಕೈಗೆ ಕೊಟ್ಟಾಗ, ಏನೋ ತಪ್ಪಾಗಿದೆ ಅನಿಸಿತ್ತು. ನನ್ನ ದೇವರು ಪರದೇಶದವನು ಅಂತ ನನಗೆ ಅನಿಸಿದ್ದು ಅವತ್ತೊಂದೇ ದಿನ.

ಎರಡನೇ ತಕರಾರು ಹಳೆಯದು. ಅದೇ ಐದು ರೊಟ್ಟಿಯಲ್ಲಿ ಯೇಸು ಐದು ಸಾವಿರ ಜನಕ್ಕೆ ಊಟ ಹಾಕಿದ ಕಥೆಯ ಪಕ್ಕದಲ್ಲೇ ಕಾಕಾ ಬರೆದಿದ್ದರು, "ಊಟಕ್ಕ ಬಂದವರು". ಇದರಲ್ಲಿ ಕಾಕಾರ ಕುಚೋದ್ಯ ಇದೆ, ಗೊತ್ತು. ಅಕ್ಕಿಗಾಗಿ ಜಾತಿ ಬಿಟ್ಟವರು ಅನ್ನುವ ಮಾತು ಅದು. ನಮ್ಮ ಕಡೆ ಅಕ್ಕಿ ಎಲ್ಲಿಂದ ಬರಬೇಕು ಮಾರಾಯರೇ, ಜೋಳ ಅನ್ನಿ!

ನಮ್ಮಜ್ಜಿಯ ಅಜ್ಜ ಮಗ್ಗ ನೇಯುತ್ತಿದ್ದವನಂತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ, ಬೆಟಗೇರಿಗೆ 1841ರಲ್ಲಿ. ಇವನು ಯಾವ ವರ್ಷ ದೀಕ್ಷಾಸ್ನಾನ ತಗೊಂಡು ಕ್ರೈಸ್ತನಾದ ಅಂತ ಅಜ್ಜಿಗೆ ತಿಳಿದಿರಲಿಲ್ಲ. ಮರುದಿನ ಏನಾಯಿತು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಿತ್ತು. ಬಾವಿ ಮುಚ್ಚಿತು. ಅಂದರೆ ಬಾವಿ ಅಲ್ಲೇ ಇತ್ತು, ಇವನ ಕೊಡ ಇಳಿಸಲು ಬಿಡಲಿಲ್ಲ. ನೂಲು ಕೊಡುವವನು ನೂಲು ಕೊಡಲಿಲ್ಲ. ಹೆಂಡತಿಯ ತವರಿನವರು ಬಂದು ಹೆಂಡತಿಯನ್ನು ಕರಕೊಂಡು ಹೋದರು, ಎರಡು ವರ್ಷ ಕಳಿಸಲಿಲ್ಲ. ಮಿಶನ್ನಿನವರು ನೇಯ್ಗೆ ಕಾರ್ಖಾನೆ ಹಾಕಿದ್ದು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದು, ಇಂಥ ಕೆಲಸ ಕಳಕೊಂಡವರು ಬದುಕಬೇಕಲ್ಲ ಅನ್ನುವ ಕಾರಣಕ್ಕೂ ಹೌದು. ಸ್ವತಂತ್ರ ಭಾರತದಲ್ಲೂ ಲೆಕ್ಕ ಹೀಗೇ ಇದೆ. 1950ರ ಆದೇಶದ ಪ್ರಕಾರ ಕ್ರೈಸ್ತನಾದ ದಲಿತ ಪರಿಶಿಷ್ಟ ಜಾತಿಯ ಮೀಸಲಾತಿ ಕಳಕೊಳ್ಳುತ್ತಾನೆ. ಬ್ಯಾಂಕಿನಲ್ಲಿದ್ದ ಕಾಕಾಗೆ ಇಂಥ ವ್ಯವಹಾರದಲ್ಲಿ ಲಾಭ ಎಲ್ಲಿದೆ ಅಂತ ನಾನೇ ಕೇಳಬೇಕು. ದೇಶವೆಲ್ಲ ಮತಾಂತರವಾಗುತ್ತಿದೆ ಅನ್ನುವವರಿಗೆ ಜನಗಣತಿ ಇದೆ. 1951ರಲ್ಲಿ ಕ್ರೈಸ್ತರು ನೂರಕ್ಕೆ 2.3, 2011ರಲ್ಲೂ 2.3.

ಹಾಗಂತ ಹಸಿವಿಗೆ ಯಾರೂ ಬಂದೇ ಇಲ್ಲ ಅಂತ ನಾನು ಹೇಳಲ್ಲ. 1876ರಿಂದ 78ರವರೆಗೆ ನಮ್ಮ ಕಡೆ ಬಿದ್ದ ಬರದಲ್ಲಿ ಗಂಜಿ ಎಲ್ಲಿ ಕೊಟ್ಟರೋ ಅಲ್ಲಿಗೆ ಜನ ಹೋದರು. ಹೋಗಬಾರದಿತ್ತಾ? ಹೊಟ್ಟೆ ತುಂಬಿದವರ ಭಕ್ತಿ ಮಾತ್ರ ಖರೆ ಅಂತ ಯಾರು ಹೇಳಿದರು?

ಈ ಮಾತುಗಳೆಲ್ಲ ಮುಂಬೈಗೆ ಹೊಸದಲ್ಲ. 1857ರಲ್ಲಿ ಚೌಪಾಟಿಯ ಮರಳಿನಲ್ಲಿ ನಿಂತು ವಿಷ್ಣುಬಾವಾ ಬ್ರಹ್ಮಚಾರಿ ಅನ್ನುವ ಸನ್ಯಾಸಿ ಮಿಶನರಿಗಳ ಜೊತೆ ತಿಂಗಳುಗಟ್ಟಲೆ ವಾದ ಮಾಡಿದರು. ಎದುರಿಗಿದ್ದವರಲ್ಲಿ ಜಾರ್ಜ್ ಬೋವೆನ್ ಅನ್ನುವ ಅಮೆರಿಕದವರೂ ಒಬ್ಬರು. 1848ರಲ್ಲಿ ಬಂದವರು, ಮಿಶನ್ನಿನ ಸಂಬಳ ಬೇಡ ಅಂದು ಬಡವರ ಹಾಗೆ ಬದುಕಿ 1888ರಲ್ಲಿ ಇಲ್ಲೇ ತೀರಿಕೊಂಡರು. ಆ ವಾದ ಎರಡೂ ಕಡೆಯಿಂದ ಪುಸ್ತಕವಾಗಿ ಅಚ್ಚಾಯಿತು. ಯಾರು ಗೆದ್ದರು ಅಂದರೆ, ನೀವು ಯಾವ ಪುಸ್ತಕ ಓದಿದ್ದೀರಿ ಅನ್ನುವುದರ ಮೇಲೆ ಹೋಗುತ್ತದೆ, ಅಲ್ವಾ? ಈಗ ಆ ಮರಳಿನಲ್ಲಿ ಭೇಲ್ ಮಾರುತ್ತಾರೆ.

ಮುಂದಿನ ಗುರುತಿನಲ್ಲಿ ಒಂದೇ ಶಬ್ದ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಮೊದಲನೆಯದಾದ ಮತ್ತಾಯನದರಲ್ಲಿ, ವೈರಿಗಳನ್ನು ಪ್ರೀತಿಸಿರಿ ಅನ್ನುವ ಮಾತಿಗೆ ಅಡಿಗೆರೆ ಹೊಡೆದು ಪಕ್ಕದಲ್ಲಿ ಬರೆದಿದ್ದರು, "ಗೋವಾ?"

ಇದಕ್ಕೆ ನಾನು ಒಂದು ಕಾಲದಲ್ಲಿ ಥಟ್ಟನೆ ಹೇಳುತ್ತಿದ್ದೆ, "ಅದು ಕ್ಯಾಥೊಲಿಕ್ಕರು, ನಾವು ಪ್ರಾಟೆಸ್ಟೆಂಟರು." ಎಷ್ಟು ಸಲೀಸು! ಕೊಲೆ ನಡೆದ ಮನೆಯಲ್ಲಿ ಕೂತು ಅಡುಗೆಮನೆ ನಮ್ಮದಲ್ಲ ಅಂದ ಹಾಗೆ. ಗೋವಾದಲ್ಲಿ ಇನ್‌ಕ್ವಿಸಿಷನ್, ಅಂದರೆ ನಂಬಿಕೆ ತಪ್ಪಿದವರನ್ನು ಹಿಡಿದು ಶಿಕ್ಷಿಸುವ ಚರ್ಚಿನ ವಿಚಾರಣೆ, ಶುರುವಾದದ್ದು 1560ರಲ್ಲಿ. ನಡುವೆ ನಾಲ್ಕು ವರ್ಷ ನಿಂತು ಮತ್ತೆ ಶುರುವಾಗಿ, ಕೊನೆಗೆ ಮುಚ್ಚಿದ್ದು 1812ರಲ್ಲಿ. ಹೆಚ್ಚು ಸಿಕ್ಕಿಬಿದ್ದವರು ಕ್ರೈಸ್ತರಾದವರೇ. ಮನೆಯಲ್ಲಿ ಹಳೇ ಪದ್ಧತಿ ಇಟ್ಟುಕೊಂಡಿದ್ದಾರೆ ಅನ್ನುವ ಅನುಮಾನ ಸಾಕಿತ್ತು. 1684ರಲ್ಲಿ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಿ ಅಂತ ಆಜ್ಞೆ ಬೇರೆ. ದೇವರನ್ನು ಹೊತ್ತುಕೊಂಡು ಸಾರಸ್ವತರು ದಕ್ಷಿಣಕ್ಕೆ ಓಡಿದರು. ಶಿಲುಬೆ ಹೊತ್ತುಕೊಂಡು ಕ್ಯಾಥೊಲಿಕ್ಕರೂ ಮಂಗಳೂರಿನ ಕಡೆ ಹೋದರು.

ಹಳೇ ಗೋವಾಕ್ಕೆ ನಾನು ಹೋಗಿದ್ದೇನೆ. ಎಲ್ಲರೂ ದೊಡ್ಡ ಇಗರ್ಜಿಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಸೆ ಕೆಥೆಡ್ರಲಿನ ಹತ್ತಿರವೇ ವಿಚಾರಣೆಯ ಅರಮನೆ ಇತ್ತಂತೆ. ಈಗ ಕಟ್ಟಡ ಇಲ್ಲ. ಹುಲ್ಲು, ಮರ, ಎಳನೀರಿನ ಗಾಡಿ. ಅಲ್ಲಿ ನಿಂತು ಒಂದು ಪ್ರಾರ್ಥನೆ ಹೇಳಬೇಕು ಅಂದುಕೊಂಡು ಹೋಗಿದ್ದೆ, ಬಾಯಿಗೆ ಏನೂ ಬರಲಿಲ್ಲ.

ಕಾಕಾಗೆ ಗೊತ್ತಿಲ್ಲದ್ದು ಇನ್ನೊಂದಿದೆ. ನಮ್ಮ ಚರ್ಚ್ ಸಭೆಗಳಲ್ಲೂ ಜಾತಿ ಇದೆ. ಮದುವೆ ಮಾತು ಬಂದಾಗ ಕೇಳಿ. ಒಂದೇ ರೊಟ್ಟಿ ಮುರಿದು ತಿಂದವರು, "ಅವರು ಮೊದಲು ಏನಿದ್ದರು?" ಅಂತ ಮೆಲ್ಲಗೆ ವಿಚಾರಿಸುತ್ತಾರೆ. ದೀಕ್ಷಾಸ್ನಾನದ ನೀರಿಗೆ ತೊಳೆಯಲಾಗದ್ದು ಇದೊಂದು ಇದೆ. ಇಲ್ಲಿ ನನ್ನ ಹತ್ತಿರ ಸಮರ್ಥನೆ ಇಲ್ಲ. ಕಾಕಾ, ಆ ಗುರುತು ಹಾಗೇ ಇರಲಿ.

ಪುಸ್ತಕವನ್ನೇ ತಿದ್ದಿದ್ದಾರೆ ಅನ್ನುವ ತಕರಾರನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾರ್ಕನ ಕೊನೆಯ ಹನ್ನೆರಡು ವಚನಗಳಿಗೂ ಯೋಹಾನನ ಎಂಟನೇ ಅಧ್ಯಾಯದ ವ್ಯಭಿಚಾರಿಣಿಯ ಕಥೆಗೂ ಕಾಕಾ ಒಂದೇ ಥರ ಬರೆದಿದ್ದರು, "ಖರೇನೋ, ಕೂಡಿಸಿದ್ದೋ?" ಭಲೇ ಕಣ್ಣು! ಈ ಎರಡೂ ಭಾಗ ತೀರಾ ಹಳೇ ಪ್ರತಿಗಳಲ್ಲಿ ಇಲ್ಲ. ಅದನ್ನು ಯಾರೂ ಮುಚ್ಚಿಟ್ಟಿಲ್ಲ, ಈಗಿನ ಅನೇಕ ಮುದ್ರಣಗಳು ಅದನ್ನು ಅಲ್ಲೇ ಹೇಳುತ್ತವೆ. ಹೊಸ ಒಡಂಬಡಿಕೆಯ ಗ್ರೀಕ್ ಕೈಬರಹಗಳು, ಚೂರುಪಾರು ಸೇರಿ, ಐದು ಸಾವಿರಕ್ಕೂ ಹೆಚ್ಚಿವೆ. ಮ್ಯಾಂಚೆಸ್ಟರಿನಲ್ಲಿರುವ ಯೋಹಾನನ ಒಂದು ತುಂಡು ಅಂಗೈಯಷ್ಟಿದೆ, ಸಾಮಾನ್ಯವಾಗಿ 2ನೇ ಶತಮಾನದ್ದು ಅನ್ನುತ್ತಾರೆ. ಪ್ರತಿ ಜಾಸ್ತಿ ಇದ್ದಷ್ಟೂ ತಪ್ಪು ಜಾಸ್ತಿ, ಆದರೆ ತಪ್ಪು ಎಲ್ಲಿ ಹೊಕ್ಕಿತು ಅಂತ ಹಿಡಿಯುವುದೂ ಅಷ್ಟೇ ಸುಲಭ. ಒಂದೇ ಲೆಡ್ಜರ್ ಇದ್ದರೆ ತಿದ್ದಿದ್ದು ಗೊತ್ತಾಗಲ್ಲ, ಹತ್ತು ಶಾಖೆಯಲ್ಲಿ ಪ್ರತಿ ಇದ್ದರೆ ಗೊತ್ತಾಗುತ್ತದೆ. ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳನ್ನು ಬನ್ನಂಜೆ ಗೋವಿಂದಾಚಾರ್ಯರು ಆಚಾರ್ಯರ ಶಿಷ್ಯ ಹೃಷೀಕೇಶ ತೀರ್ಥರ ತಾಳೆಗರಿ ನೋಡಿ ಪ್ರಕಟಿಸಿದರು ಅಂತ ನನಗೆ ಹೇಳಿದವರು ಕಾಕಾರೇ. ಪ್ರತಿಯಿಂದ ಪ್ರತಿಗೆ ಮಾತು ಬದಲಾಗುವ ಪಾಠಾಂತರ ಅಂದರೆ ಮೋಸ ಅಲ್ಲ ಅಂತ ಅವರಿಗೆ ನಾನು ಕಲಿಸಬೇಕಾ? ಇನ್ನು ರೋಮಿನ ಕಾನ್‌ಸ್ಟಂಟೈನ್ ರಾಜ ಕೂತು ಯಾವ ಪುಸ್ತಕ ಬೇಕು, ಯಾವುದು ಬೇಡ ಅಂತ ಆರಿಸಿದ ಅನ್ನುವುದು ಸುಮ್ನೆ ಕಥೆ. ಅವನು ಕರೆದ 325ರ ನಿಕೇಯದ ಬಿಷಪ್ಪರ ಸಭೆಯ ಮುಖ್ಯ ಜಗಳ ಕ್ರಿಸ್ತ ಯಾರು ಅನ್ನುವುದು. ಹೊಸ ಒಡಂಬಡಿಕೆಯ ಈಗಿನ 27 ಪುಸ್ತಕಗಳ ಪಟ್ಟಿ ಇದ್ದ ಹಾಗೇ ಮೊದಲು ಸಿಗುವುದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ.

ನಾನೇ ಮಾರ್ಗ ಅನ್ನುವ ಯೇಸುವಿನ ಮಾತಿಗೆ ಎರಡು ಪ್ರಶ್ನೆ ಗುರುತು ಇದ್ದವು, ಜೊತೆಗೆ "ಎಷ್ಟು ಸೊಕ್ಕು" ಅಂತ.

ಮರುದಿನ ಚಹಾ ಕುಡಿಯುವಾಗ ನಾನು ಕೇಳಿಯೇಬಿಟ್ಟೆ. "ಕಾಕಾ, ನಿಮ್ಮ ಮಧ್ವಾಚಾರ್ಯರು ಶಂಕರಾಚಾರ್ಯರ ಮಾತಿಗೆ ಇರಲಿ ಬಿಡ್ರಿ, ಅದೂ ಖರೇನ ಅಂದಿದ್ದರೇನು?"

ಕಾಕಾ ನಕ್ಕರು. "ಎಲ್ಲಿದವಾ! ಚರ್ಮ ಸುಲದಾರ."

"ಅದು ಸೊಕ್ಕ ಅಲ್ಲೇನು?"

"ಅದು ಸಿದ್ಧಾಂತ." ಹೇಳಿ ತಾವೇ ಮತ್ತೆ ನಕ್ಕರು.

ಒಂದು ಮಾತು ಸತ್ಯ ಅಂದರೆ ಅದರ ಎದುರು ಮಾತು ಸತ್ಯ ಅಲ್ಲ ಅಂತಲೇ ಆಯಿತು. ಎಲ್ಲ ದಾರಿಯೂ ಒಂದೇ ಕಡೆ ಹೋಗುತ್ತವೆ ಅನ್ನುವವರೂ ಎಲ್ಲ ದಾರಿ ನೋಡಿ ಬಂದವರ ಹಾಗೇ ಮಾತಾಡುತ್ತಾರಲ್ಲ. ಆದರೆ ಈ ವಚನವನ್ನು ನಮ್ಮವರು ದೊಣ್ಣೆ ಮಾಡಿಕೊಂಡು ತಿರುಗುವುದು ನನಗೂ ಕಂಡಿದೆ. ಯಾರು ಒಳಗೆ, ಯಾರು ಹೊರಗೆ ಅಂತ ಬಾಗಿಲಲ್ಲಿ ಕೂತು ಚೀಟಿ ಹರಿಯುವ ಕೆಲಸ ನನಗೆ ಯಾರೂ ಕೊಟ್ಟಿಲ್ಲ. ಮತ್ತಾಯನ 25ನೇ ಅಧ್ಯಾಯದಲ್ಲಿ, ಕೊನೆಯ ತೀರ್ಪಿನ ದಿನ, ಒಳಗೆ ಹೋದವರಿಗೂ ಆಶ್ಚರ್ಯ, ಹೊರಗೆ ಉಳಿದವರಿಗೂ ಆಶ್ಚರ್ಯ. ನಿನಗೆ ಹಸಿವಾದಾಗ ನಾವು ಯಾವಾಗ ಊಟ ಕೊಟ್ಟೆವು, ಅಂತ ಕೇಳುತ್ತಾರೆ. ಆರು ವರ್ಷದಿಂದ ಹೆಂಡತಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿರುವ ಮನುಷ್ಯನ ಎದುರು ಕೂತು ನಾನು ಆ ಅಧ್ಯಾಯವನ್ನು ಜಾಸ್ತಿ ವಿವರಿಸಲು ಹೋಗಲಿಲ್ಲ.

ಸತ್ತ ಯೇಸು ಎದ್ದು ಬಂದದ್ದಕ್ಕೆ ಕಾಕಾ ಪ್ರಶ್ನೆ ಗುರುತು ಹಾಕಿರಲಿಲ್ಲ. ವಿಚಿತ್ರ ಅನಿಸಿತು. ಬದಲಿಗೆ ಲೂಕನಲ್ಲಿ ಒಂದು ಅಡಿಗೆರೆ ಇತ್ತು. ಹೆಂಗಸರು ಸಮಾಧಿಯಿಂದ ಓಡಿಬಂದು ಹೇಳಿದಾಗ ಅಪೊಸ್ತಲರಿಗೆ, ಅಂದರೆ ಅವನ ಶಿಷ್ಯರಿಗೆ, ಅದು ಬರೀ ಹರಟೆ ಅನಿಸಿತು, ನಂಬಲಿಲ್ಲ ಅನ್ನುವ ಕಡೆ. ಕಥೆ ಕಟ್ಟುವವನು ಹೀಗೆ ಕಟ್ಟುತ್ತಾನಾ? ಆ ಕಾಲದಲ್ಲಿ ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ. ಮೊದಲ ಸಾಕ್ಷಿ ಹೆಂಗಸರು, ಮೊದಲು ನಂಬದವರು ಶಿಷ್ಯರು, ಕೈ ಇಟ್ಟು ನೋಡಿದ ಹೊರತು ಒಪ್ಪಲ್ಲ ಅಂದವನು ತೋಮ. ಕ್ರಿಸ್ತ ಎದ್ದಿಲ್ಲವಾದರೆ ನಮ್ಮ ನಂಬಿಕೆಯೇ ವ್ಯರ್ಥ ಅಂತ ಪೌಲ ತಾನೇ ಬರೆದುಕೊಟ್ಟಿದ್ದಾನೆ. ಇದರಿಂದ ಅದು ನಡೆದೇ ನಡೆಯಿತು ಅಂತ ಸಾಬೀತಾಗಲ್ಲ. ಆದರೆ ನಮ್ಮ ತಕರಾರನ್ನು ನಮಗಿಂತ ಮೊದಲು ಆ ಪುಸ್ತಕವೇ ಎತ್ತಿದೆ. ಸಂಸ್ಕೃತ ಪಂಡಿತೆ, ಸಮಾಜ ಸುಧಾರಕಿ ಪಂಡಿತಾ ರಮಾಬಾಯಿ ನನಗೆ ಇಷ್ಟವಾಗುವುದೂ ಇದಕ್ಕೇ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಕಾಡಿನಲ್ಲಿ ಹುಟ್ಟಿ, 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೂ, ಕಲಿಸಲು ಬಂದ ಸನ್ಯಾಸಿನಿಯರ ಜೊತೆ ತತ್ತ್ವಕ್ಕಾಗಿ ಜಗಳಾಡುತ್ತಲೇ ಇದ್ದಳು. ನಂಬಿಕೆ ಬಂತು ಅಂತ ಪ್ರಶ್ನೆ ಬಿಡಲಿಲ್ಲ.

ಉಳಿದ ಗುರುತುಗಳಲ್ಲಿ ಅರ್ಧಕ್ಕರ್ಧ ಒಂದೇ ಪುಸ್ತಕದಲ್ಲಿದ್ದವು. ಯೋಬ. ತಪ್ಪಿಲ್ಲದೆ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡವನ ಕಥೆ.

ಅಲ್ಲಿ ಪೆನ್ಸಿಲ್ ಒತ್ತಿ ಬರೆದಿತ್ತು. ಎರಡು ಕಡೆ ಹಾಳೆ ತೂತಾಗಿತ್ತು. ದೇವರು ಒಳ್ಳೆಯವನಾದರೆ ಹೀಗೇಕೆ ಅನ್ನುವ ಆಕ್ಷೇಪ ಎಲ್ಲ ಕಡೆ ಕೇಳುತ್ತದೆ. ಗೈಡಿನಲ್ಲಿ ಅದಕ್ಕೆ ಮೂರು ಉತ್ತರ ಇದ್ದವು. ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕಷ್ಟದಿಂದ ಮನುಷ್ಯ ಮಾಗುತ್ತಾನೆ, ನಮಗೆ ತಿಳಿಯದ ದೊಡ್ಡ ಯೋಜನೆ ಇದೆ. ಮೂರನ್ನೂ ನಾನು ಬಾಯಿಪಾಠ ಮಾಡಿದ್ದೆ. 2009ರ ಮಳೆಗಾಲದಲ್ಲಿ ನನ್ನ ತಮ್ಮ ಮೂರು ದಿನದ ಜ್ವರಕ್ಕೆ ಹೋಗಿಬಿಟ್ಟ. ಮೂವತ್ತೊಂದು ವರ್ಷ. ಅವನ ಹೆಂಡತಿಗೆ ಏಳನೇ ತಿಂಗಳು. ಮಣ್ಣು ಮಾಡಿ ಬಂದು ಕೂತಾಗ ಸಭೆಯ ಹಿರಿಯರೊಬ್ಬರು ಅವಳಿಗೆ ಹೇಳಿದರು, ದೇವರು ತನ್ನ ತೋಟದ ಒಳ್ಳೇ ಹೂವನ್ನೇ ಮೊದಲು ಕೀಳುತ್ತಾನೆ ಅಂತ. ಅವರು ಕೆಟ್ಟವರಲ್ಲ. ಏನಾದರೂ ಹೇಳಬೇಕಲ್ಲ ಅಂತ ಹೇಳಿದರು. ಆದರೆ ಆ ಹುಡುಗಿ ತಲೆ ಎತ್ತಿ ಅವರನ್ನು ನೋಡಿದ ರೀತಿ ನನಗೆ ಇವತ್ತಿಗೂ ಕಣ್ಣ ಮುಂದಿದೆ. ಅವತ್ತು ನಾನು ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ.

ಕಾಕಾ ಅಂದರು, "ನಾವು ಕರ್ಮ ಅಂತೀವಿ. ಸಣ್ಣಾಂವ ಇದ್ದಾಗಿಂದ ಅದs ಕೇಳೀನಿ, ಅದs ಹೇಳೀನಿ. ಆದರ ನಿಮ್ಮ ಕಾಕಿ ಮಾರಿ ನೋಡಿ ಆ ಮಾತು ಬಾಯಾಗ ಬರೂದಿಲ್ಲ ನೋಡು."

"ನಾವು ದೇವರ ಚಿತ್ತ ಅಂತೀವ್ರಿ ಕಾಕಾ. ಅದೂ ಬರೂದಿಲ್ಲ."

ಯೋಬನಿಗೆ ಮೂವರು ಗೆಳೆಯರು. ಮೊದಲು ಏಳು ದಿನ ಏಳು ರಾತ್ರಿ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತರು. ಆಮೇಲೆ ಬಾಯಿ ಬಿಟ್ಟರು, ಅಲ್ಲಿಗೆ ಕೆಟ್ಟಿತು. ದೇವರು ನ್ಯಾಯವಂತ, ಹಾಗಾಗಿ ನಿನ್ನಲ್ಲೇ ಏನೋ ತಪ್ಪಿದೆ ಅಂತ ಪುಟಗಟ್ಟಲೆ ದೇವರ ಪರ ವಕಾಲತ್ತು. ಯೋಬ ಒಪ್ಪಲ್ಲ. ಕೂಗಾಡುತ್ತಾನೆ, ಹುಟ್ಟಿದ ದಿನಕ್ಕೆ ಶಾಪ ಹಾಕುತ್ತಾನೆ, ದೇವರನ್ನೇ ಕೋರ್ಟಿಗೆ ಕರೆಯುತ್ತಾನೆ. ಕೊನೆಗೆ ದೇವರು ಬಿರುಗಾಳಿಯಲ್ಲಿ ಬಂದು ಮಾತಾಡುತ್ತಾನೆ. ಯಾಕೆ ಹೀಗಾಯಿತು ಅಂತ ಮಾತ್ರ ಹೇಳಲ್ಲ. ಕಾಕಾ ಅಲ್ಲಿ ದೊಡ್ಡದಾಗಿ ಬರೆದಿದ್ದರು, "ಉತ್ತರ ಎಲ್ಲೆ?" ಸರಿಯಾದ ಮಾತು. ಇಲ್ಲ.

ಆದರೆ 42ನೇ ಅಧ್ಯಾಯದ ಏಳನೇ ವಚನದಲ್ಲಿ ದೇವರಿಗೆ ಸಿಟ್ಟು ಬಂದದ್ದು ಯಾರ ಮೇಲೆ? ಕೂಗಾಡಿದವನ ಮೇಲಲ್ಲ. ತನ್ನ ಪರ ಮಾತಾಡಿದ ಎಲೀಫಜ ಮತ್ತು ಅವನ ಜೊತೆಯವರ ಮೇಲೆ. ನನ್ನ ಸೇವಕ ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅನ್ನುತ್ತಾನೆ. ಇಷ್ಟು ವರ್ಷ ಓದಿದ್ದರೂ ಇದು ನನ್ನ ಕಣ್ಣಿಗೆ ಸರಿಯಾಗಿ ಬಿದ್ದಿರಲಿಲ್ಲ. ಬಿದ್ದದ್ದು ಕಾಕಾ ಆ ವಚನದ ಸುತ್ತ ಚೌಕ ಹಾಕಿದ್ದರಿಂದ. ಪಕ್ಕದಲ್ಲಿ ಏನೂ ಬರೆದಿರಲಿಲ್ಲ. ಪ್ರಶ್ನೆ ಗುರುತೂ ಇಲ್ಲ.

ಯೋಹಾನನ ಸುವಾರ್ತೆಯಲ್ಲಿ ಹುಟ್ಟುಕುರುಡನನ್ನು ನೋಡಿ ಶಿಷ್ಯರು, ಯಾರು ಪಾಪ ಮಾಡಿದ್ದು, ಇವನಾ ಇವನ ತಂದೆತಾಯಿಯಾ ಅಂತ ಕೇಳಿದಾಗ ಯೇಸು ಇಬ್ಬರೂ ಅಲ್ಲ ಅನ್ನುತ್ತಾನಲ್ಲ, ಅಲ್ಲೂ ಅಂಥದ್ದೇ ಚೌಕ ಇತ್ತು.

ಹಾಳೆ ಹಿಂದೆ ತಿರುಗಿಸುತ್ತಾ ಮತ್ತೆ ಯೋಬನ 23ನೇ ಅಧ್ಯಾಯಕ್ಕೆ ಬಂದೆ. ದೇವರು ಎಲ್ಲಿ ಸಿಗುತ್ತಾನೆ ಅಂತ ಗೊತ್ತಾದರೆ ಸಾಕಿತ್ತು, ಅಲ್ಲಿಗೇ ಹೋಗಿ ನನ್ನ ವ್ಯಾಜ್ಯ ಮುಂದಿಡುತ್ತಿದ್ದೆ ಅಂತ ಯೋಬ ಹೇಳುವ ಜಾಗ. ಅಲ್ಲಿ ನೀಲಿ ಬಾಲ್ ಪೆನ್ನಿನ ಒಂದು ಗೆರೆ. ನನ್ನದೇ. 2009ರದ್ದು. ಮರೆತೇಹೋಗಿತ್ತು. ಅದರ ಕೆಳಗೆ, ಅದಕ್ಕೆ ತಾಗಿಸದೆ, ಕಾಕಾರ ಪೆನ್ಸಿಲ್ ಗೆರೆ.

ಅಷ್ಟೊತ್ತಿಗೆ ಒಂಬತ್ತಾಗಿತ್ತು. ಮೇಲೆ ಹೋದೆ. ಕಾಕಾ ಪೌಡರ್ ಡಬ್ಬಿ, ಒಗೆದ ಸೀರೆಯ ತುಂಡು ತೆಗೆದಿಟ್ಟು ಕಾಯುತ್ತಿದ್ದರು.

"ಯೋಬನ ಪುಸ್ತಕದಾಗ ನಿಂದೂ ಒಂದು ಗೆರಿ ಅದ ಅಲ್ಲಾ?" ಅಂದರು. "ಏನರ ಬರದೀ ಏನಂತ ಕನ್ನಡಕಾ ಹಾಕ್ಕೊಂಡು ನೋಡಿದೆ."

"ಏನೂ ಬರದಿಲ್ರಿ ಕಾಕಾ. ಬರೇ ಗೆರಿ."

"ಹೂಂ," ಅಂದರು. "ನೀ ಹೆಗಲ ಕಡೆ ಹಿಡಿ. ನಾ ಸೊಂಟದ ಕಡೆ ಹಿಡೀತೀನಿ."

ಕಾಕಿ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಒಂದು, ಎರಡು, ಮೂರು ಅಂತ ಎಣಿಸಿ ಗೋಡೆಯ ಕಡೆ ತಿರುಗಿಸಿದೆವು.